ಭಾವನ ರೇಡಿಯೋ ತಂದ ಪ್ರವಾಹ

ನಮ್ಮ ಭಾವನಿಗಿದ್ದ ಕಾಯಿಲೆಗೆ ಔಷಧಿಯೇ ಇರಲಿಲ್ಲ. ಯಾಕೆಂದರೆ ಆ ಕಾಯಿಲೆಯಲ್ಲಿ ರೋಗಿ ತನ್ನನ್ನೇ ಡಾಕ್ಟರು ಅಂದುಕೊಂಡಿರುತ್ತಾನೆ. ಬಾಗಿಲ ಪಕ್ಕದಲ್ಲಿ ಅವರೇ ಬಣ್ಣದಲ್ಲಿ ಬರೆದ ಬೋರ್ಡು ತೂಗುತ್ತಿತ್ತು: 'ಹಳೆಯ ಟ್ರಾನ್ಸಿಸ್ಟರ್ ರೇಡಿಯೋಗಳಿಗೆ ಇಲ್ಲಿ ಮರುಜನ್ಮ ಕೊಡಲಾಗುವುದು.' ಹೊಟ್ಟೆಪಾಡಿಗೆ ನೀರಿನ ಇಲಾಖೆಯಲ್ಲಿ ಗುಮಾಸ್ತರಾಗಿದ್ದರು. ಅಲ್ಲಿ ಯಾವ ಕಡತಕ್ಕೂ ಮರುಜನ್ಮ ಕೊಟ್ಟ ದಾಖಲೆ ಇಲ್ಲ.

ಮೇಜಿನ ಮೇಲಿಡುವ ಟ್ರಾನ್ಸಿಸ್ಟರ್ ರೇಡಿಯೋ ಎಲ್ಲಿ ಕಂಡರೂ ಭಾವ ಮನೆಗೆ ಹೊತ್ತು ತರುತ್ತಿದ್ದರು. ಅದಕ್ಕೂ ಹಿಂದಿನ, ಗಾಜಿನ ವಾಲ್ವ್ ಇರುವ ರೇಡಿಯೋ ಕೂಡಿಹಾಕುವವರನ್ನು ಕಂಡರೆ ಅವರಿಗಾಗದು. "ಅದು ರೇಡಿಯೋ ಅಲ್ಲ ಕಣೋ, ಸ್ಟವ್ವು. ಬಿಸಿಯಾಗೋವರೆಗೂ ಕಾಯ್ಬೇಕು. ನಮ್ಮದು ಹಾಗಲ್ಲ, ಕಿವಿ ಹಿಂಡಿದ ತಕ್ಷಣ ಬಾಯಿ ಬಿಡುತ್ತೆ" ಅನ್ನುತ್ತಿದ್ದರು. ಹಾಸಿಗೆ ಇಡುವ ಕಪಾಟಿನಲ್ಲಿ ಮರದ ಪೆಟ್ಟಿಗೆಯವು, ಮಂಚದ ಕೆಳಗೆ ಪ್ಲಾಸ್ಟಿಕ್ಕಿನವು, ಅಕ್ಕಿ ಡಬ್ಬದ ಹಿಂದೆ ಸ್ಪೀಕರ್ ಹರಿದವು. "ಒಂದಲ್ಲ ಒಂದು ದಿನ ನನ್ನ ಬೆನ್ನಿಗೂ ಸ್ಕ್ರೂ ಇದೆಯಾ ಅಂತ ನೋಡ್ತಾರೆ" ಎಂದು ಅಕ್ಕ ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದಳು. ನಾನು ಪ್ರತಿ ಭಾನುವಾರ ಊಟಕ್ಕೆ ಹೋಗುವ ತಮ್ಮ. ಆದ್ದರಿಂದ ಎರಡೂ ಕಡೆಯ ವಾದ ಕೇಳಿ, ಎರಡಕ್ಕೂ ತಲೆಯಾಡಿಸಿ, ಹೊಟ್ಟೆ ತುಂಬಿಸಿಕೊಂಡು ಬರುತ್ತಿದ್ದೆ.

ಮರುಜನ್ಮವೇನೋ ಆಗುತ್ತಿತ್ತು. ಆದರೆ ಹುಟ್ಟಿದ ಮಗು ಮಾತಾಡುತ್ತಿರಲಿಲ್ಲ. ನಮ್ಮ ಕಡೆಯ ರೇಡಿಯೋ ನಿಲಯ ಮೀಡಿಯಂ ವೇವ್ ಪ್ರಸಾರ ನಿಲ್ಲಿಸಿ ಎಷ್ಟೋ ವರ್ಷವಾಗಿತ್ತು. ಭಾವ ಎಷ್ಟೇ ಚೆನ್ನಾಗಿ ರಿಪೇರಿ ಮಾಡಿದರೂ ಪೆಟ್ಟಿಗೆಯಿಂದ ಬರುತ್ತಿದ್ದುದು ಗೊರ್ ಎಂಬ ಒಂದೇ ಶಬ್ದ. "ರಿಪೇರಿ ಆಯ್ತಾ?" ಅಂತ ಜನ ಕೇಳುವರು. "ಆಯ್ತಲ್ಲ, ಗೊರ್ ಅಂತಿದೆ, ಕೇಳಿಸ್ತಿಲ್ವಾ?" ಅಂತ ಭಾವ ಹೆಮ್ಮೆಯಿಂದ ಹೇಳುವರು. ಹೀಗಾಗಿ ಬೀದಿಯವರು ಅವರಿಗೆ 'ಗೊರಗೊರ' ಎಂದು ಹೆಸರಿಟ್ಟಿದ್ದರು.

ಗೃಹಪ್ರವೇಶವಾಗಲಿ, ಮಗು ಹುಟ್ಟಲಿ, ಭಾವನ ಉಡುಗೊರೆ ರೇಡಿಯೋವೇ. ಬೇಡವೆಂದರೂ ಬಿಡುತ್ತಿರಲಿಲ್ಲ. ಹಳೆಯ ನಿಲಯದ ಜಾಗದಲ್ಲೇ ಮುಳ್ಳು ನಿಲ್ಲಿಸಿ ಕೊಡುತ್ತಿದ್ದರು. ಎರಡು ಬೀದಿಗಳಲ್ಲಿ ಮನೆಗೊಂದು ಗೊರ್ ಅನ್ನುವ ಪೆಟ್ಟಿಗೆ ಸೇರಿಕೊಂಡಿತ್ತು. ಜನ ಬಲು ಬುದ್ಧಿವಂತರು, ಅದಕ್ಕೂ ಉಪಯೋಗ ಕಂಡುಹಿಡಿದರು. ಕಿರಾಣಿ ಅಂಗಡಿಯವನು ಇಲಿ ಬರುವುದಿಲ್ಲವೆಂದು ಮೂಟೆಗಳ ನಡುವೆ ಹಗಲಿಡೀ ಹಾಕಿಡುತ್ತಿದ್ದ. ಕ್ಷೌರದಂಗಡಿಯಲ್ಲಿ ಅದರ ಸದ್ದಿಗೆ ಗಿರಾಕಿಗಳು ಅಲುಗದೆ ತೂಕಡಿಸುತ್ತಿದ್ದರು. ಹಿಂದಿನ ಬೀದಿಯ ಬಾಣಂತಿಯಂತೂ, ಗೊರ್ ಇಲ್ಲದಿದ್ದರೆ ಮಗು ಕಣ್ಣೇ ಮುಚ್ಚುವುದಿಲ್ಲ ಎಂದು ಭಾವನನ್ನು ಮನಸಾರೆ ಹೊಗಳಿದ್ದಳು. ಭಾವನಿಗೆ ಅದು ಹೊಗಳಿಕೆಯೋ ಬೈಗುಳವೋ ಗೊತ್ತಾಗದೆ ಊಟ ಸೇರಲಿಲ್ಲ.

ಕೊನೆಗೆ ಅವರು ಒಂದು ಬಿಸ್ಕತ್ತಿನ ಡಬ್ಬದೊಳಗೆ ಪುಟ್ಟ ಪ್ರಸಾರ ಯಂತ್ರ ಕಟ್ಟಿದರು. ಹಳೆಯ ರೇಡಿಯೋ ಹುಚ್ಚರೆಲ್ಲ ಮಾಡುವುದೇ ಇದನ್ನು. ನಿಲಯ ಸತ್ತರೆ ಮನೆಯಲ್ಲೇ ಒಂದು ನಿಲಯ. ಕ್ಯಾಸೆಟ್ಟು ಹಾಕಿದರೆ ಡಬ್ಬ ಅದನ್ನು ಹಳೆಯ ನಿಲಯದ ಜಾಗದಲ್ಲೇ ಗಾಳಿಗೆ ಬಿಡುತ್ತದೆ, ಅದೇ ಕೋಣೆಯ ರೇಡಿಯೋ ಹಿಡಿಯುತ್ತದೆ. ಕೋಣೆ ದಾಟಬಾರದು ಅನ್ನುವುದು ನಿಯಮ. ಭಾವನಿಗೆ ನಿಯಮ ಗೊತ್ತಿತ್ತು. ಆದರೆ ಡಬ್ಬದ ಏರಿಯಲ್ ತಂತಿಯನ್ನು ಎಲ್ಲಾದರೂ ಸಿಕ್ಕಿಸಬೇಕಲ್ಲ, ಕಿಟಕಿಯಾಚೆ ಕೈಗೆ ಸಿಕ್ಕಿದ ಕಬ್ಬಿಣದ ತಂತಿಗೆ ಸಿಕ್ಕಿಸಿದರು. ಅದು ಮಹಡಿಯ ಉದ್ದಕ್ಕೂ ಅಕ್ಕ ಬಟ್ಟೆ ಒಣಗಿಸಲು ಎಳೆದು, ತುದಿಯನ್ನು ಕೆಳಗಿನ ಕಿಟಕಿಯ ಸರಳಿಗೆ ಕಟ್ಟಿದ್ದ ತಂತಿ.

ಎದುರು ಮನೆಯ ವಾರ್ತೆ ಅಜ್ಜ ಇಲ್ಲಿ ಕಥೆಯೊಳಗೆ ಬರುತ್ತಾರೆ. ನಮ್ಮ ಕಡೆ ಹುಟ್ಟಿದವರಿಗೆಲ್ಲ ಆ ಧ್ವನಿ ಗೊತ್ತು. ಮೂರು ದಶಕ ಸಂಜೆಯ ಪ್ರದೇಶ ಸಮಾಚಾರ ಓದಿದವರು. ಅವರು ಯುದ್ಧ ನಿಂತಿತು ಅಂದರೆ ನಿಂತಿತು, ಶಾಲೆಗೆ ರಜೆ ಅಂದರೆ ರಜೆ. ಹೋದ ವರ್ಷ ಅವರಿಗೆ ಪಾರ್ಶ್ವವಾಯು ಬಡಿದು ಬಲಗೈ ಹೋಯಿತು, ನಾಲಿಗೆ ತೊಡರಿತು. ದಿನವೂ ಮಾತಾಡಿ ಅಭ್ಯಾಸ ಮಾಡಿದರೆ ಮಾತು ತಿರುಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಜ್ಜ ನಂಬಿ, ಕಿರಾಣಿ ಅಂಗಡಿಗೆ ಹೋಗಿ ಸಕ್ಕರೆ ಕೇಳಿದರಂತೆ. ಬಾಯಿಂದ ಬಂದದ್ದು ಸಕ್ಕರೆಯಲ್ಲ. ಪಕ್ಕದಲ್ಲಿ ನಿಂತಿದ್ದ ಯಾವನೋ "ಬೆಳಿಗ್ಗೆ ಬೆಳಿಗ್ಗೆನೇ ಏರಿಸ್ಕೊಂಡು ಬಂದಿದ್ದೀರಲ್ಲ ಯಜಮಾನ್ರೆ" ಎಂದು ನಕ್ಕ. ಅಂಗಡಿಯವನೂ ಅಭ್ಯಾಸಬಲದಿಂದ ನಕ್ಕ. ಅಜ್ಜ ಮನೆಗೆ ಬಂದವರು ಆಮೇಲೆ ಬಾಯಿ ತೆರೆಯಲಿಲ್ಲ. ಮಗಳೊಡನೆಯೂ ಮಾತಿಲ್ಲ, ಬರೀ ಕೈಸನ್ನೆ.

ಆ ಮಗಳು ಹೈಸ್ಕೂಲಿನಲ್ಲಿ ಟೀಚರು. ಒಂದು ದಿನ ಅಪ್ಪನ ರೇಡಿಯೋವನ್ನೂ ಒಂದು ರಟ್ಟಿನ ಪೆಟ್ಟಿಗೆ ತುಂಬ ಕ್ಯಾಸೆಟ್ಟುಗಳನ್ನೂ ತಂದು ಭಾವನ ಮುಂದಿಟ್ಟಳು. "ನಾನು ಚಿಕ್ಕವಳಿದ್ದಾಗ ಅಪ್ಪ ಓದೋದನ್ನ ಈ ರೇಡಿಯೋದಿಂದಲೇ ರೆಕಾರ್ಡ್ ಮಾಡಿಕೊಳ್ತಿದ್ದೆ. ಅವರ ಧ್ವನಿ ಅವರ ಕಿವಿಗೆ ಬಿದ್ರೆ ಮತ್ತೆ ಪ್ರಯತ್ನ ಮಾಡ್ತಾರೇನೋ. ಅಪ್ಪ ಹೀಗೇ ಇದ್ರೆ ನಾನು ಅವರ ಮಾತು ಕೇಳದೇನೇ ಅವರನ್ನ ಕಳ್ಕೋತೀನಿ" ಅಂದಳು. ಹೇಳುತ್ತಾ ಅತ್ತಳು. ಭಾವ ಎದೆ ಮುಟ್ಟಿಕೊಂಡು, "ರೇಡಿಯೋನೂ ಮಾತಾಡುತ್ತೆ, ಅಜ್ಜನೂ ಮಾತಾಡ್ತಾರೆ. ನನಗೆ ಬಿಡಿ" ಎಂದರು. ಕಡತ ಕೇಳಿದವರಿಗೂ ಅವರು ಇದೇ ಮಾತು ಹೇಳುವುದು ಅನ್ನುವುದು ಪಾಪ ಅವಳಿಗೆ ಗೊತ್ತಿರಲಿಲ್ಲ.

ಆದರೆ ಈ ಸಲ ಭಾವ ಶ್ರದ್ಧೆಯಿಂದ ಕೂತರು. ಹಳೆಯ ಟ್ರಾನ್ಸಿಸ್ಟರ್‌ಗೆ ಬೆಸುಗೆಯ ಶಾಖ ತಗುಲಿದರೆ ಸಾಯುತ್ತದೆಂದು ಅದರ ಕಾಲಿಗೆ ಮೊಸಳೆ ಕ್ಲಿಪ್ಪು ಕಚ್ಚಿಸಿ, ಉಸಿರು ಬಿಗಿಹಿಡಿದು ಬೆಸೆದರು. ಡಯಲಿನ ಮುಳ್ಳು ಎಳೆಯುವ ದಾರ ಬದಲಿಸಿದರು. ಡಯಲ್ ಗಾಜನ್ನು ಫಳಫಳ ಮಾಡೋಣವೆಂದು ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸಿದರು. ಕೊಳೆಯ ಜೊತೆಗೆ ಅದರ ಮೇಲೆ ಅಚ್ಚಾಗಿದ್ದ ದೇಶವಿದೇಶದ ಊರುಗಳೆಲ್ಲ ಹತ್ತಿಗೆ ಅಂಟಿಕೊಂಡು ಬಂದವು. ಭಾವ ಕೂತು ಸಣ್ಣ ಕುಂಚದಲ್ಲಿ ಎಲ್ಲವನ್ನೂ ನೆನಪಿನಿಂದ ಬರೆದರು. ಎರಡು ಖಂಡಗಳು ಅದಲುಬದಲಾದವಂತೆ, ಇರಲಿ.

ಒಂದು ಭಾನುವಾರ ಮಧ್ಯಾಹ್ನ ಕೆಲಸ ಮುಗಿಯಿತು. ಸುಡು ಬೇಸಿಗೆ. ನಲ್ಲಿಯಲ್ಲಿ ನೀರು ಬಂದು ವಾರದ ಮೇಲಾಗಿತ್ತು, ಬೀದಿಯವರು ಅದಕ್ಕೂ ಭಾವನನ್ನೇ ಬೈಯುತ್ತಿದ್ದರು. ನಾನು ಉಂಡು ಮಲಗಿದ್ದೆ. ಭಾವ ಕೈಗೆ ಸಿಕ್ಕಿದ ಕ್ಯಾಸೆಟ್ಟನ್ನು ಹಾಕಿ, ಡಬ್ಬ ಚಾಲು ಮಾಡಿ, ಮುಳ್ಳು ತಿರುಗಿಸಿದರು. ಅಜ್ಜನ ರೇಡಿಯೋ ಗಂಟಲು ಸರಿಮಾಡಿಕೊಂಡು ಅಜ್ಜನ ಧ್ವನಿಯಲ್ಲೇ ಮಾತಾಡಿತು. ಏನು ಮಾತಾಡಿತು ಎಂದು ಕೇಳುವಷ್ಟು ತಾಳ್ಮೆ ಭಾವನಿಗೆಲ್ಲಿ? ಚಪ್ಪಲಿಯನ್ನೂ ಮೆಟ್ಟದೆ ಅಜ್ಜನ ಮಗಳನ್ನು ಕರೆಯಲು ಓಡಿದರು.

ಅಷ್ಟರಲ್ಲಿ ಎರಡು ಬೀದಿಗಳ ಗೊರ್ ಪೆಟ್ಟಿಗೆಗಳೆಲ್ಲ ಒಟ್ಟಿಗೆ ಗೊರ್ ನಿಲ್ಲಿಸಿ, ಗಂಭೀರವಾಗಿ ಹೇಳತೊಡಗಿದ್ದವು: "ಜಲಾಶಯ ಭರ್ತಿಯಾಗಿದ್ದು, ಯಾವುದೇ ಕ್ಷಣದಲ್ಲಿ ಅಣೆಕಟ್ಟಿನ ಗೇಟುಗಳನ್ನು ತೆರೆಯಲಾಗುವುದು. ತಗ್ಗು ಪ್ರದೇಶದ ಜನರು ಕೂಡಲೇ ಎತ್ತರದ ಸ್ಥಳಗಳಿಗೆ ತೆರಳಬೇಕೆಂದು ಕೋರಲಾಗಿದೆ."

ಬೀದಿಯ ಮಧ್ಯೆ ಕಿರಾಣಿಯವನು ಅಕ್ಕಿ ಮೂಟೆ ಹೊತ್ತು ಓಡುತ್ತ ಭಾವನಿಗೆ ಡಿಕ್ಕಿ ಹೊಡೆದ. "ಪ್ರವಾಹ ಸ್ವಾಮಿ! ಗೇಟು ತೆಗೀತಾರಂತೆ!"

"ಯಾರು ಹೇಳಿದ್ದು?"

"ರೇಡಿಯೋ! ನೀವೇ ಕೊಟ್ಟ ರೇಡಿಯೋ!"

ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಒಂದು ಕ್ಷಣ ಯೋಚಿಸುತ್ತಿದ್ದರು. ನಮ್ಮ ಭಾವನ ಎದೆ ಉಬ್ಬಿತು. "ನಾನು ಕೊಟ್ಟಿದ್ದು ಮಾತಾಡ್ತಾ? ಹಾಗಾದ್ರೆ ನಿಲಯ ಮತ್ತೆ ಶುರುವಾಯ್ತು!" ಎಂದು ಕುಣಿದರು. ಆಮೇಲೆ ಪ್ರವಾಹ ನೆನಪಾಗಿ ಮನೆಗೆ ಓಡಿಬಂದು ನನ್ನನ್ನು ಒದ್ದೆಬ್ಬಿಸಿದರು. "ಏಳೋ, ಜಲಾಶಯ ಭರ್ತಿ! ರೇಡಿಯೋಗಳನ್ನ ಮಹಡಿಗೆ ಸಾಗಿಸು!" ಮೇಜಿನ ಮೇಲೆ ಅಜ್ಜನ ರೇಡಿಯೋ ಅದನ್ನೇ ಹೇಳುತ್ತಿತ್ತು. ಭಾವ ಅದನ್ನು ತೋರಿಸಿ, "ನೋಡು, ಇದೂ ಸ್ಟೇಷನ್ ಹಿಡೀತಾ ಇದೆ!" ಅಂದರು. ಪಕ್ಕದಲ್ಲೇ ಅವರು ಹಾಕಿದ್ದ ಕ್ಯಾಸೆಟ್ಟು ತನ್ನ ಪಾಡಿಗೆ ತಿರುಗುತ್ತಿತ್ತು.

"ರೇಡಿಯೋ ಮುಳುಗಿದ್ರೆ ಮುಳುಗ್ಲಿ, ಮೊದಲು ಅಕ್ಕಿ ಡಬ್ಬ ಹಿಡ್ಕೊ" ಎಂದಳು ಅಕ್ಕ. ನಾನು ಎರಡನ್ನೂ ಹೊತ್ತೆ.

ಮಹಡಿಯಿಂದ ನೋಡಿದರೆ ಬೀದಿಯಲ್ಲಿ ಜಾತ್ರೆ. ಅರ್ಧ ಗಡ್ಡ ಹೋದ ಗಿರಾಕಿಯೊಬ್ಬ ಸೋಪಿನ ನೊರೆಯೊಂದಿಗೆ ಏಣಿ ಹತ್ತುತ್ತಿದ್ದ. ಮೂಲೆಮನೆಯವರು ಅತ್ತೆಯನ್ನು ಮಂಚದ ಸಮೇತ ಎತ್ತಿದ್ದರು. ಸೊಸೆ ಕಾಲಕಡೆ ಹಿಡಿದು, ಬಿಡಲೋ ಬೇಡವೋ ಎಂಬಂತೆ ಮೆಟ್ಟಿಲಲ್ಲಿ ನಿಂತಿದ್ದಳು. ನಿವೃತ್ತ ಮೇಷ್ಟ್ರೊಬ್ಬರು ಮಾತ್ರ, "ಹನಿ ಮಳೆ ಇಲ್ಲ, ನಲ್ಲೀಲಿ ನೀರಿಲ್ಲ, ಪ್ರವಾಹ ಎಲ್ಲಿಂದ ಬರುತ್ತೆ ರೀ?" ಎಂದು ಕೇಳಿದರು.

"ಮೇಲಿನ ಸೀಮೇಲಿ ಸುರಿದಿರುತ್ತೆ. ಹೇಳ್ತಿರೋದು ವಾರ್ತೆ ಅಜ್ಜ. ಅವರು ಯಾವತ್ತಾದ್ರೂ ಸುಳ್ಳು ಓದಿದ್ದಾರಾ?" ಎಂದ ಕ್ಷೌರಿಕ.

"ಅವರಿಗೆ ಮಾತೇ ಬರಲ್ವಲ್ಲ?"

"ನಮ್ಮ ಹತ್ರ ಆಡದೆ ಉಳಿಸಿಟ್ಟಿದ್ರು ಮೇಷ್ಟ್ರೆ, ಇಂಥ ಹೊತ್ತಿಗೆ ಅಂತ!"

ಮೇಷ್ಟ್ರು ಕೊಡೆ ಹಿಡಿದುಕೊಂಡು ಏಣಿ ಹತ್ತಿದರು.

ಆಗಲೇ ಎದುರು ಮನೆಯ ಬಾಗಿಲು ತೆರೆದು ಅಜ್ಜ ಹೊರಬಂದರು. ಮಗಳು ಭಾನುವಾರವಾದರೂ ಯಾವುದೋ ನೇಮಕಾತಿ ಪರೀಕ್ಷೆಯ ಡ್ಯೂಟಿಗೆಂದು ಶಾಲೆಗೆ ಹೋಗಿದ್ದಳು. ಕೇರಿಯ ಮನೆಮನೆಯಿಂದಲೂ ತಮ್ಮದೇ ಹಳೆಯ ಧ್ವನಿ ಬರುತ್ತಿರುವುದನ್ನು ಕೇಳಿ ಅವರಿಗೆ ಏನನ್ನಿಸಿತೋ, ಹೇಳಲು ನನ್ನಿಂದಾಗದು. ಆದರೆ ಅದು ಎಂದೋ ಓದಿದ ವಾರ್ತೆ ಎಂದು ಇಡೀ ಬೀದಿಯಲ್ಲಿ ಗೊತ್ತಿದ್ದವರು ಅವರೊಬ್ಬರೇ. ವರ್ಷದ ಮೇಲೆ ಮೊದಲ ಸಲ ಬಾಯಿ ತೆರೆದು ಏನೋ ಕೂಗಿದರು. ಯಾರಿಗೂ ತಿಳಿಯಲಿಲ್ಲ. ಎಡಗೈಯನ್ನು ಭುಜದ ಮೇಲಿಂದ ಹಿಂದಕ್ಕೆ, ಹಿಂದಕ್ಕೆ ಎಂದು ಬೀಸಿದರು. ಹಿಂದಿನ ಕಾಲದ್ದು ಅನ್ನುವುದು ಅವರ ಸನ್ನೆ. "ನೀರು ಹಿಂದಿನಿಂದ ಬರ್ತಿದೆಯಂತೆ!" ಎಂದು ಕಿರಾಣಿಯವನು ಕಿರುಚಿದ. ನಾಲ್ಕು ಜನ ಭಕ್ತಿಯಿಂದ ಅಜ್ಜನನ್ನು ಎತ್ತಿ, ಕೊಸರಾಡಿದರೂ ಬಿಡದೆ, ನಮ್ಮ ಮಹಡಿಗೆ ತಂದು ಕುರ್ಚಿಯಲ್ಲಿ ಕೂರಿಸಿದರು. ಅವರ ಕಣ್ಣಲ್ಲಿ ನೀರಿತ್ತು. ಊರಿನ ಮೇಲಿನ ಮರುಕ ಎಂದು ಎಲ್ಲರೂ ಹೇಳಿಕೊಂಡರು.

ಅಷ್ಟರಲ್ಲಿ ಕ್ಯಾಸೆಟ್ಟು ಮುಗಿಯಿತು. ರೇಡಿಯೋಗಳೆಲ್ಲ ಒಮ್ಮೆಲೇ ಗೊರ್ ಎಂದವು.

"ಅಯ್ಯೋ, ಸ್ಟೇಷನ್ನೇ ಮುಳುಗಿಹೋಯ್ತು!" ಎಂದು ಕ್ಷೌರಿಕ ಎದೆ ಬಡಿದುಕೊಂಡ.

ಯಾರೋ ಫೋನು ಮಾಡಿದ್ದರಿಂದ ಅಗ್ನಿಶಾಮಕದವರು ಗಂಟೆ ಬಾರಿಸುತ್ತ ಬಂದರು, ತುಂಬಿದ ಟ್ಯಾಂಕರಿನೊಂದಿಗೆ. ವಾರದಿಂದ ನೀರು ಕಾಣದ ಜನ, ಪ್ರವಾಹವನ್ನು ಮರೆತು ಕೊಡಪಾನ ಹಿಡಿದು ಇಳಿದು ಸಾಲು ನಿಂತರು. ಅಧಿಕಾರಿ ಮೀಸೆ ಕುಣಿಸುತ್ತ, "ನೀರು ನುಗ್ಗಿದೆ ಅಂತ ಕರೆದಿರಿ, ಈಗ ನನ್ನ ಹತ್ರನೇ ನೀರು ಕೇಳ್ತೀರಲ್ರೀ!" ಎಂದು ಕೂಗಾಡಿದ. ಪೊಲೀಸಿನವನೂ ಬಂದ. ಹೇಳಿದವರು ಯಾರೆಂದು ಕೇಳಿದರೆ ಎಲ್ಲರ ಬೆರಳೂ ನಮ್ಮ ಮಹಡಿಯ ಕುರ್ಚಿಯ ಕಡೆಗೆ.

ಆ ಹೊತ್ತಿಗೆ ಮಗಳು ಶಾಲೆಯಿಂದ ಬಂದು, ನಡೆದದ್ದನ್ನು ಕೇಳಿ, ಭಾವನ ಕೋಣೆಗೆ ಹೋದಳು. ಕ್ಯಾಸೆಟ್ಟು ಕೈಯಲ್ಲಿ ಹಿಡಿದು ಮಹಡಿಗೆ ಬಂದಳು. "ಇದು ನಾನು ಲಂಗ ಹಾಕ್ತಿದ್ದ ಕಾಲದ ವಾರ್ತೆ" ಅಂದಳು. ಪೊಲೀಸಿನವನು ಬಟ್ಟೆ ತಂತಿಯ ಜಾಡು ಹಿಡಿದು, ಅಕ್ಕನ ಸೀರೆ ಸರಿಸುತ್ತ ಹೋಗಿ, ಬಿಸ್ಕತ್ತಿನ ಡಬ್ಬ ತಲುಪಿದ. ಭಾವ ರೇಡಿಯೋಗಳ ರಾಶಿಯ ನಡುವೆ ನಿಂತಿದ್ದರು. "ನಾನು ನಿಲಯ ಶುರುವಾಯ್ತು ಅಂದ್ಕೊಂಡೆ" ಅಂದರು. ಅವರ ಮುಖ ನೋಡಿ ನನಗೆ ನಗು ಬರಲಿಲ್ಲ.

ನಮ್ಮ ಬೀದಿಯವರೇನೋ ಬೈದುಕೊಂಡು ಮನೆ ಸೇರಿದರು. ಹಿಂದಿನ ಬೀದಿಯವರು ಜಪ್ಪಯ್ಯ ಅಂದರೂ ಮಹಡಿ ಇಳಿಯಲೊಲ್ಲರು. ಅಧಿಕಾರಿ ಧ್ವನಿವರ್ಧಕ ಹಿಡಿದು ಕೂಗಿದ. "ಪ್ರವಾಹ ಇಲ್ದಿದ್ರೆ ಗಾಡಿ ಯಾಕೆ ತಂದ್ರಿ?" ಎಂದು ಅತ್ತಲಿಂದ ಉತ್ತರ ಬಂತು. ರೇಡಿಯೋದಲ್ಲಿ ಬಂದದ್ದು ರೇಡಿಯೋದಲ್ಲೇ ಹೋಗಬೇಕೆಂದು ಭಾವ ಡಬ್ಬವನ್ನು ಮಹಡಿಗೆ ತಂದು, ಬಟ್ಟೆ ತಂತಿಗೆ ಮತ್ತೆ ಸೇರಿಸಿ, ಅದಕ್ಕೆ ಮೈಕು ಸಿಕ್ಕಿಸಿ, "ಮಹನೀಯರೇ, ಪ್ರವಾಹ ಇರುವುದಿಲ್ಲ" ಎಂದು ಓದಿದರು. "ಅದು ಗೊರಗೊರನ ಗಂಟಲು! ಅಜ್ಜ ಹೇಳ್ಲಿ, ಇಳೀತೀವಿ!" ಎಂದು ಹಿಂದಿನ ಬೀದಿ ಒಕ್ಕೊರಲಿನಿಂದ ಕೂಗಿತು. ಬಾಣಂತಿ, ಹಸುಗೂಸು, ಕಾದ ಮಹಡಿ. ಅಧಿಕಾರಿ ಅಜ್ಜನ ಕಡೆ ತಿರುಗಿದ.

"ಬೇಡ" ಎಂದಳು ಮಗಳು, ಅಡ್ಡ ನಿಂತು. "ಒಂದ್ಸಲ ನಕ್ಕಿದ್ದು ಸಾಕು. ಮತ್ತೆ ಅವರನ್ನ ನಗೆಪಾಟಲು ಮಾಡ್ಬೇಡಿ."

ಅಜ್ಜ ಎದ್ದರು. ಎಡಗೈಯಿಂದ ಅಂಗಿಯ ಕತ್ತಿನ ಗುಂಡಿ ಹಾಕಿಕೊಳ್ಳಲು ನೋಡಿದರು, ಆಗಲಿಲ್ಲ, ಮಗಳೇ ಹಾಕಿದಳು. ಮೈಕಿನ ಮುಂದೆ ಕೂತು ಬೆನ್ನು ನೆಟ್ಟಗೆ ಮಾಡಿದರು. ಮಾತೊಂದನ್ನೂ ನುಂಗಲಿಲ್ಲ. ವಾರ್ತೆಗಳು ಎನ್ನುವುದರಿಂದಲೇ ಶುರುಮಾಡಿದರು. ಪ್ರವಾಹ ಇಲ್ಲ, ಅದು ಹಳೆಯ ವಾರ್ತೆ, ಎಲ್ಲರೂ ಮನೆಗೆ ಹೋಗಿ. ಇಷ್ಟೇ ಇದ್ದದ್ದು. ಪಕ್ಕದಲ್ಲಿ ನಿಂತು, ಏನು ಹೇಳುತ್ತಾರೆಂದು ಮೊದಲೇ ಗೊತ್ತಿದ್ದ ನಮಗೆ ತಿಳಿಯಿತು. ಒಂದೊಂದು ಮಾತಿಗೂ ಅವರ ಕತ್ತಿನ ನರ ಉಬ್ಬುತ್ತಿತ್ತು, ಬೆವರು ಗಲ್ಲಕ್ಕಿಳಿಯುತ್ತಿತ್ತು.

ಹಿಂದಿನ ಬೀದಿಯವರು ರೇಡಿಯೋಗಳಿಗೆ ಕಿವಿ ಹಚ್ಚಿದರು. ಆಮೇಲೆ ಒಬ್ಬ, "ಯಾವನೋ ಕುಡುಕ ಮೈಕ್ ಹಿಡ್ಕೊಂಡಿದ್ದಾನೆ ಕಣ್ರೋ!" ಎಂದ. ಇನ್ನೊಬ್ಬ, "ಮೊದಲಿಂದಲೂ ಕುಡುಕರ ಆಟವೇ ಇದು! ನಾವು ಪೆದ್ದರು! ನಡೀರಿ ಕೆಳಗೆ!" ಎಂದ. ನಕ್ಕರು. ರೇಡಿಯೋಗಳನ್ನು ಆರಿಸಿದರು. ಮಗು, ಮೂಟೆ, ಚಾಪೆ ಎತ್ತಿಕೊಂಡು ಒಬ್ಬೊಬ್ಬರಾಗಿ ಇಳಿಯತೊಡಗಿದರು.

ಅಜ್ಜ ಓದು ಮುಗಿಸಿ ತಲೆಯೆತ್ತಿ ಅತ್ತ ನೋಡಿದರು. ಜನ ಇಳಿಯುತ್ತಿದ್ದರು. ಅವರ ಮುಖದ ನೆಟ್ಟಗಿದ್ದ ಅರ್ಧ ಅರಳಿತು. ಕಣ್ಣೊರೆಸಿಕೊಳ್ಳುತ್ತಿದ್ದ ಮಗಳ ಕೈ ಹಿಡಿದು, "ನಂಬಿದ್ರು" ಎಂದರು. ಆ ಒಂದು ಮಾತು ಸ್ಪಷ್ಟವಾಗಿಯೇ ಬಂತು.

ಮಗಳು ಭಾವನನ್ನು ನೋಡಿದಳು. ಅವಳಿಗೂ ಎಲ್ಲ ಕೇಳಿಸಿತ್ತು. ನಮ್ಮ ಭಾವನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ, ಅದು ಇಡೀ ಊರಿಗೆ ಗೊತ್ತು. "ನಂಬದೇ ಏನು ಅಜ್ಜ! ನಿಮ್ಮ ಮಾತು ಅಲ್ವಾ, ಅದಕ್ಕೇ ಇಳಿದ್ರು" ಎಂದರು. ಮಗಳು ಒಣಗಿದ ಬಟ್ಟೆಗಳ ಹಿಂದೆ ಹೋಗಿ ನಿಂತಳು.

ಡಬ್ಬವನ್ನು ಪೊಲೀಸಿನವನು ಒಯ್ದ. ಬೋರ್ಡನ್ನು ಅಕ್ಕ ಇಳಿಸಿ ಒಲೆಗೆ ಹಾಕಿದಳು. ಬೀದಿಯವರು ತಮ್ಮ ತಮ್ಮ ರೇಡಿಯೋ ತಂದು ನಮ್ಮ ಜಗಲಿಯ ಮೇಲೆ ಬಿಸಾಕಿ ಹೋದರು. ಮರುದಿನ ಸಂಜೆ, ಸಮಾಚಾರದ ಹೊತ್ತಿಗೆ ಸರಿಯಾಗಿ, ಅಜ್ಜ ಕತ್ತಿನ ಗುಂಡಿ ಹಾಕಿಸಿಕೊಂಡು ಪತ್ರಿಕೆ ಹಿಡಿದು ಬಂದು ಭಾವನ ಮೇಜಿನ ಮುಂದೆ ಕೂತರು. ಡಬ್ಬ ಹೋಯಿತು ಎನ್ನಲು ಭಾವನಿಗೆ ಬಾಯಿ ಬರಲಿಲ್ಲ. ಮೈಕಿನ ತಂತಿಯನ್ನು ಅಜ್ಜನ ರೇಡಿಯೋದ ಬೆನ್ನಿಗೇ ಬೆಸೆದರು. ಮಾತು ಆ ಪೆಟ್ಟಿಗೆಯಿಂದಲೇ ಬರುತ್ತಿತ್ತು, ಕೋಣೆ ದಾಟುತ್ತಿರಲಿಲ್ಲ. "ಊರೆಲ್ಲ ಕೇಳ್ತಿದೆ ಅಜ್ಜ" ಎಂದರು. ಕೇಳುತ್ತಿದ್ದುದು ಭಾವ, ಅಕ್ಕಿ ಆರಿಸುತ್ತ ಕೂತ ಅಕ್ಕ, ಭಾನುವಾರ ನಾನು. "ಅರ್ಥ ಆಗದಿದ್ರೂ ತಲೆ ಆಡಿಸು" ಎಂದು ಭಾವ ಅಕ್ಕನಿಗೆ ಹೇಳಿಕೊಟ್ಟಿದ್ದರು. ಅಜ್ಜ ಹೀಗೆ ದಿನವೂ ಬಂದರು. ಮಾತು ಕೊಂಚ ತಿರುಗಿತು ಕೂಡ. ಮನೆಯಲ್ಲಿ ಮಗಳನ್ನು ಹೆಸರು ಹಿಡಿದು ಕರೆದರಂತೆ, ಅವಳು ಓಡಿಬಂದು ಅಕ್ಕನಿಗೆ ಹೇಳಿದಳು. ಆದರೆ ಮುಂದಿನ ಮಳೆಗಾಲವನ್ನು ಅಜ್ಜ ನೋಡಲಿಲ್ಲ. ಅದನ್ನು ಬರೆಯುವಾಗ ಈಗಲೂ ನನಗೆ ಸಂಕಟವಾಗುತ್ತದೆ.

ಅವರು ಹೋಗುವುದಕ್ಕೆ ಸ್ವಲ್ಪ ಮುಂಚಿನ ಒಂದು ಭಾನುವಾರ ನಾನಿದ್ದೆ. ಅಂದು ಓದಿ ಮುಗಿಸಿದ ಮೇಲೆ ಭಾವ ಎಂದಿನಂತೆ, "ಹಿಂದಿನ ಬೀದಿಯವರು ತುಂಬಾ ಮೆಚ್ಚಿದ್ರಂತೆ ಅಜ್ಜ, ಒಂದಕ್ಷರ ಬಿಡದೆ ಕೇಳ್ತಾರಂತೆ" ಎಂದು ಶುರುಮಾಡಿದರು.

ಅಜ್ಜ ಕೈಯೆತ್ತಿ ತಡೆದರು. ತಡವರಿಸಿ, ನಿಂತು, ಮತ್ತೆ ಹಿಡಿದು, ಅವರು ಹೇಳಿದ್ದಿಷ್ಟು: "ಅವತ್ತು ಕುಡುಕ ಅಂದ್ರು. ಏಟು ಬಿದ್ದಿದ್ದು ನಾಲಿಗೆಗೆ, ಕಿವಿಗಲ್ಲ."

ಭಾವ ಕೂತಲ್ಲಿಂದ ಎದ್ದೇಬಿಟ್ಟರು. "ನಂಬಿದ್ರು ಅಂತ ನೀವೇ ಅಂದ್ರಲ್ಲ ಅಜ್ಜ!"

"ಮಗಳು ಅಳ್ತಿದ್ಲು."

"ಗೊತ್ತಿದ್ದೂ ದಿನಾ ಬಂದು ಓದಿದ್ರಾ?"

"ಸ್ಟುಡಿಯೋದಲ್ಲೂ ಕೇಳೋರು ಕಾಣ್ತಿರ್ಲಿಲ್ಲ" ಎಂದರು ಅಜ್ಜ. ಆಮೇಲೆ ಅಕ್ಕನ ಕಡೆ ಬೆರಳು ತೋರಿಸಿದರು. "ಇಲ್ಲಿ ಕಾಣ್ತಾರೆ."

ಭಾವ ತಲೆ ತಗ್ಗಿಸಿಕೊಂಡು ಅಳುತ್ತಿದ್ದರು. ಅಕ್ಕ ಮೊರದಿಂದ ಕಲ್ಲೊಂದನ್ನು ಆರಿಸಿ ಬಿಸಾಕಿ, ಮೂಗು ಒರೆಸಿಕೊಂಡು, "ಇವತ್ತು ಹವಾಮಾನ ಓದೋದು ಮರೆತ್ರಿ ಅಜ್ಜ" ಎಂದಳು.

ಅಜ್ಜ ಅವಳನ್ನೇ ಒಂದು ಕ್ಷಣ ನೋಡಿದರು. ಮಡಚಿದ್ದ ಪತ್ರಿಕೆಯನ್ನು ಮತ್ತೆ ಬಿಡಿಸಿ, ಬೆನ್ನು ನೆಟ್ಟಗೆ ಮಾಡಿದರು. ನಾಳೆ ಒಣಹವೆ ಎನ್ನಲು ಅವರಿಗೆ ಬಹಳ ಹೊತ್ತು ಹಿಡಿಯಿತು. ನಾವು ಕಾದೆವು.